ಎಣಿಕೆಯಿಂದ ತಪ್ಪಿಹೋದವರು

ಶಿವಾಜಿನಗರದ ಹವಾಮಾನ ಕಚೇರಿಗೆ ‘ಸಿಮ್ಲಾ ಆಫೀಸು’ ಎಂಬ ಹೆಸರು ಇಂದಿಗೂ ಉಳಿದಿದೆ. 1928ರಲ್ಲಿ ಅದು ಸಿಮ್ಲೆಯಿಂದ ಇಲ್ಲಿಗೆ ಬಂದುದೇ ಕಾರಣ. ಮಳೆಯ ಲೆಕ್ಕದಲ್ಲಿ ಒಂದು ನಿಯಮವುಂಟು: ಅಳೆಯಲಾಗದ ದಿನದ ಮುಂದೆ ಸೊನ್ನೆಯನ್ನು ಬರೆಯಕೂಡದು. ಸೊನ್ನೆಯೆಂದರೆ ಮಳೆ ಬೀಳಲಿಲ್ಲವೆಂದು ಅರ್ಥ. ಖಾಲಿ ಬಿಟ್ಟರೆ ತಿಳಿಯದೆಂದು ಅರ್ಥ. ಮನುಷ್ಯರನ್ನು ಕುರಿತ ಲೆಕ್ಕದಲ್ಲಿ ಈ ಭೇದವು ಇನ್ನೂ ಮುಖ್ಯವಾದುದು.

ನಮ್ಮ ಪುಣೆಯ ಕೆ.ಇ.ಎಂ. ಆಸ್ಪತ್ರೆಯವರು ಡಾ. ಚಿತ್ತರಂಜನ ಯಾಜ್ಞಿಕರ ನೇತೃತ್ವದಲ್ಲಿ 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. ತಾಯಿಯ ಆಹಾರಕ್ಕೂ ಮಗುವಿನ ಮುಂದಿನ ಆರೋಗ್ಯಕ್ಕೂ ಇರುವ ಸಂಬಂಧವನ್ನರಿಯಲು, ಅಲ್ಲಿ ಹುಟ್ಟಿದ 700ಕ್ಕೂ ಹೆಚ್ಚು ಮಕ್ಕಳನ್ನು ಗುರುತಿಟ್ಟುಕೊಂಡು 6, 12, 18ನೆಯ ವಯಸ್ಸುಗಳಲ್ಲಿ ಪರೀಕ್ಷೆಗೆ ಕರೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿಯೂ 1997-98ರಲ್ಲಿ ನೋಂದಾಯಿಸಿದ ಗರ್ಭಿಣಿಯರ ಮಕ್ಕಳನ್ನು ಹೀಗೆಯೇ ಹರೆಯದವರೆಗೆ ಅನುಸರಿಸಿದರು.

ಆದರೆ ಹದಿನೆಂಟು ವರ್ಷವೆಂದರೆ ಅಲ್ಪಕಾಲವೇ? ಅಷ್ಟರಲ್ಲಿ ಹುಡುಗಿಯರಲ್ಲಿ ಕೆಲವರು ಮದುವೆಯಾಗಿ ಬೇರೆ ಊರು ಸೇರುವರು. ಹುಡುಗರು ಕೆಲಸ ಹುಡುಕಿ ಹೊರಡುವರು. ಕೆಲವರಿಗೆ ರಕ್ತ ಕೊಡುವುದೆಂದರೆ ಬೇಸರ. (ಸೂಜಿಗೆ ಹೆದರುವವರು ನಮ್ಮ ತರಗತಿಯಲ್ಲಿಯೂ ಇಲ್ಲದಿಲ್ಲ!)

ಬಂದವರನ್ನಷ್ಟೇ ಎಣಿಸಿದರೆ ನಷ್ಟವೇನು? ಒಂದು ಲೆಕ್ಕವನ್ನು ಮಾಡೋಣ. 100 ಮಕ್ಕಳಿರುವರೆಂದು ಇಟ್ಟುಕೊಳ್ಳಿರಿ. ಕೂಲಿಕಾರರ 50 ಮಕ್ಕಳ ತೂಕ ತಲಾ 30 ಕಿಲೋ. ಉಳಿದ 50 ಮಂದಿಯದು ತಲಾ 40. ಸರಾಸರಿ 35. ಕಟ್ಟಡದ ಕೆಲಸ ಮುಗಿದು ಕೂಲಿಕಾರರ 30 ಮಕ್ಕಳು ಊರು ಬಿಟ್ಟರೆ, ಮಿಕ್ಕ 70 ಮಂದಿಯ ಸರಾಸರಿಯು 37ನ್ನು ಮೀರುತ್ತದೆ. ಯಾರೊಬ್ಬರೂ ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಆದರೂ ಮಕ್ಕಳ ಪುಷ್ಟಿ ಹೆಚ್ಚಿತೆಂದು ವರದಿಯಾಗುತ್ತದೆ!

ಉಳಿದ ಕೂಲಿಕಾರರ 20 ಮಕ್ಕಳಲ್ಲಿ ಪ್ರತಿಯೊಬ್ಬರನ್ನೂ ಎರಡೂವರೆ ಮಂದಿಯೆಂದು ಎಣಿಸಿದರೆ ಸರಾಸರಿಯು ಮತ್ತೆ 35ಕ್ಕೆ ಬರುತ್ತದೆ. ಹೋದವರು ಉಳಿದವರಂತೆಯೇ ಇದ್ದರೆ ಮಾತ್ರ ಈ ಉಪಾಯ ಸರಿ. ಕಾಯಿಲೆಯಿಂದಲೇ ಬಾರದೆ ಹೋದವರ ವಿಷಯದಲ್ಲಿ ಇದು ಸಾಗದು. ಆದುದರಿಂದ ಮೊದಲ ದಿನವೇ ಅಜ್ಜಿಯ ಮನೆಯ, ಸೋದರಮಾವನ ಮನೆಯ ವಿಳಾಸಗಳನ್ನೂ ಬರೆದುಕೊಳ್ಳುವುದು, ಊರಿನ ಪರಿಚಿತರನ್ನೇ ಕೆಲಸಕ್ಕೆ ನೇಮಿಸುವುದು ಮೇಲೆಂದು ನಮಗೆ ತೋರುತ್ತದೆ. ತಪ್ಪಿಹೋದವರೆಷ್ಟು, ಮೊದಲ ಪರೀಕ್ಷೆಯಲ್ಲಿ ಅವರು ಹೇಗಿದ್ದರು ಎಂಬುದನ್ನೂ ವರದಿಯಲ್ಲಿ ಹೇಳಬೇಕು. ಬೇಡವೆಂದವರನ್ನು ಮಾತ್ರ ಬಲಾತ್ಕರಿಸುವಂತಿಲ್ಲ; ತಂದೆತಾಯಿಗಳು ಒಪ್ಪಿದರೂ ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯೂ ಬೇಕು.

ನಮ್ಮ ಹಾಜರಿ ಪುಸ್ತಕವನ್ನೇ ನೋಡಿರಿ. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದ ಗೆಳೆಯರಲ್ಲಿ ಕೆಲವರ ಹೆಸರಿನ ಮೇಲೆ ವರ್ಷದ ನಡುವೆ ಕೆಂಪು ಗೆರೆ ಬಿದ್ದಿರುತ್ತದೆ. ತರಗತಿಯ ಸರಾಸರಿ ಅಂಕಗಳನ್ನು ನಾವು ಅವರನ್ನು ಬಿಟ್ಟೇ ತೆಗೆಯುತ್ತೇವೆ.