ಆಟದ ಇಟ್ಟಿಗೆಯಲ್ಲಿ ಗೋಳಗುಮ್ಮಟ

ಯಾದಗಿರಿ ಬಳಿಯ ಅಬ್ಬೆತುಮಕೂರಿನಂತಹ ಊರಿನ ವಿದ್ಯಾರ್ಥಿಗೂ ವಿಜಯಪುರದ ಗೋಳಗುಮ್ಮಟ ಅಪರಿಚಿತವಲ್ಲ. 1656ರಲ್ಲಿ ಪೂರ್ಣಗೊಂಡ ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗೋಡೆಯ ದಪ್ಪ ಸುಮಾರು 3 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಮಕ್ಕಳ ಆಟದ ಇಟ್ಟಿಗೆಗಳಿಂದ ಇದರ ಮಾದರಿಯನ್ನು ಕಟ್ಟುವುದಾದರೆ ಮೊದಲ ನಕ್ಷೆಯು ಯಾವ ತಿದ್ದುಪಡಿಗಳನ್ನು ಬೇಡುತ್ತದೆಂಬುದನ್ನು ವಿಚಾರಿಸೋಣ.

ಮೊದಲು ಇಟ್ಟಿಗೆಯ ಗುಣವನ್ನು ಅರಿಯಬೇಕು. ಡೆನ್ಮಾರ್ಕಿನ ಲೆಗೊ ಸಂಸ್ಥೆಯು 1958ರಲ್ಲಿ ಪೇಟೆಂಟಿಗೆ ಸಲ್ಲಿಸಿದ ರಚನೆಯಲ್ಲಿ ಇಟ್ಟಿಗೆಯ ಮೇಲೆ ಗುಬುಟುಗಳೂ ಅಡಿಯಲ್ಲಿ ಟೊಳ್ಳು ಕೊಳವೆಗಳೂ ಇವೆ. ಒಂದರ ಗುಬುಟುಗಳು ಇನ್ನೊಂದರ ಕೊಳವೆ ಹಾಗೂ ಗೋಡೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಗಾರೆಯ ಕೆಲಸವನ್ನು ಮಾಡುವುದು ಘರ್ಷಣೆ. ಗುಬುಟಿನಿಂದ ಗುಬುಟಿಗೆ ಇರುವ ಅಂತರ 8 ಮಿ.ಮೀ.; ಇದನ್ನು ಒಂದು ‘ಮನೆ’ ಎಂದು ಕರೆಯೋಣ. ಇಟ್ಟಿಗೆಯ ಎತ್ತರ 9.6 ಮಿ.ಮೀ.

1:200ರ ಪ್ರಮಾಣದಲ್ಲಿ ಒಳವ್ಯಾಸವು 190 ಮಿ.ಮೀ. ಆಗುತ್ತದೆ. 24 ಮನೆಗಳೆಂದರೆ 192 ಮಿ.ಮೀ.; ತಪ್ಪು ಶೇಕಡಾ 1ರಷ್ಟು ಮಾತ್ರ. ಗೋಡೆಗೆ 2 ಮನೆ ಸಾಕು. ಗುಮ್ಮಟವನ್ನು ಅರ್ಧಗೋಳವೆಂದು ಭಾವಿಸಿದರೆ ತ್ರಿಜ್ಯ 12 ಮನೆ, ಅಂದರೆ 96 ಮಿ.ಮೀ.

ಚೌಕಳಿ ಹಾಳೆಯ ಮೇಲೆ 12 ಮನೆ ತ್ರಿಜ್ಯದ ಅರ್ಧವೃತ್ತವನ್ನು ಎಳೆದು, ಚೌಕಕ್ಕೊಂದರಂತೆ ಇಟ್ಟಿಗೆ ಜೋಡಿಸಿದರೆ ಎತ್ತರವು 12 × 9.6 = 115.2 ಮಿ.ಮೀ. ಆಗಿ, ಗುಮ್ಮಟವು ಮೊಟ್ಟೆಯ ತುದಿಯಂತಾಗುತ್ತದೆ. ಅಗಲ, ಎತ್ತರಗಳು 5:6ರ ಪ್ರಮಾಣದಲ್ಲಿರುವ ಮನೆಗಳನ್ನು ಗೆರೆ ಹಾಕಿಕೊಳ್ಳುವುದೇ ಮೊದಲನೆಯ ತಿದ್ದುಪಡಿ. ಆಗ ಎತ್ತರಕ್ಕೆ ಸರಿಯಾಗಿ 10 ವರಸೆಗಳು ಬೇಕಾಗುತ್ತವೆ.

ಪ್ರತಿ ವರಸೆಯ ತ್ರಿಜ್ಯವನ್ನು ಪೈಥಾಗೊರಸನ ಪ್ರಮೇಯದಿಂದ ತಿಳಿಯಬಹುದು. 96ರ ವರ್ಗದಿಂದ ವರಸೆಯ ತಳದ ಎತ್ತರದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಸಾಕು. ಎತ್ತರ 57.6 ಮಿ.ಮೀ. ಇರುವಲ್ಲಿ ತ್ರಿಜ್ಯ 76.8 ಮಿ.ಮೀ.; 76.8ರಲ್ಲಿ 57.6, 86.4ರಲ್ಲಿ ಸುಮಾರು 41.8. ಕೊನೆಯ ಎರಡನ್ನು ಪೂರ್ಣ ಮನೆಗಳಿಗೆ ಹೊಂದಿಸಿದರೆ 7 ಮತ್ತು 5. ಮೇಲಿನ ವರಸೆ ಒಮ್ಮೆಲೇ 2 ಮನೆ ಒಳಸರಿಯಬೇಕು. ಆದರೆ ಗೋಡೆಯ ದಪ್ಪವೇ 2 ಮನೆ! ಕಚ್ಚಿಕೊಳ್ಳಲು ಒಂದು ಗುಬುಟೂ ಸಿಗದೆ ವರಸೆ ಕೆಳಗೆ ಬೀಳುತ್ತದೆ. ನಕ್ಷೆಯಲ್ಲಿ ಸುಂದರವಾಗಿ ಕಂಡದ್ದು ಕೈಯಲ್ಲಿ ನಿಲ್ಲದು.

ಎರಡನೆಯ ತಿದ್ದುಪಡಿಯೆಂದರೆ ನೆತ್ತಿಯ ಭಾಗದಲ್ಲಿ ಇಟ್ಟಿಗೆಯ ಮೂರನೆಯ ಒಂದರಷ್ಟು, ಅಂದರೆ 3.2 ಮಿ.ಮೀ. ದಪ್ಪದ ಬಿಲ್ಲೆಗಳನ್ನು ಬಳಸುವುದು. ಆಗ ತ್ರಿಜ್ಯಗಳು 7, 7, 6, 5, 4, 3 ಮನೆಗಳೆಂದು ಇಳಿಯುತ್ತವೆ. ಪ್ರತಿ ಸಲವೂ ಕನಿಷ್ಠ ಒಂದು ಮನೆಯ ಆಸರೆ ಉಳಿಯುತ್ತದೆ. ಕೊನೆಗೆ ಉಳಿಯುವ 6 ಮನೆ ಅಗಲದ ತೆರಪನ್ನು 8 ಮನೆಯ ಚೌಕ ಬಿಲ್ಲೆ ಮುಚ್ಚುತ್ತದೆ.

ಮೂರನೆಯದು ಸಂದುಗಳ ವಿಷಯ. ಒಂದು ವರಸೆಯ ಸಂದಿನ ಮೇಲೆ ಇನ್ನೊಂದರ ಸಂದು ಬಂದರೆ ಉಂಗುರವು ಸೀಳುತ್ತದೆ. ಗೌಂಡಿಗಳು ಮಾಡುವಂತೆ ಸಂದು ತಪ್ಪಿಸಿಯೇ ಜೋಡಿಸಬೇಕು.

ಮಾದರಿಯನ್ನು ಮೂಲವೆಂದು ಭ್ರಮಿಸಬಾರದು. ನಮ್ಮ ಗುಮ್ಮಟವನ್ನು ಹಿಡಿದಿರುವುದು ಗುಬುಟುಗಳ ಬಿಗಿತ. ಗೋಳಗುಮ್ಮಟದಲ್ಲಾದರೋ ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಮೇಲಿನ ಭಾರವನ್ನು ದಪ್ಪನಾದ ಗೋಡೆಗಳಿಗೆ ಸಾಗಿಸುತ್ತವೆ. ಆಕಾರವು ಒಂದೇ ಆದರೂ ಬಲಗಳು ಬೇರೆ.

ಆಟದ ಇಟ್ಟಿಗೆಗಳಿಲ್ಲದ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. ರಟ್ಟಿನ ಹಾಳೆಗಳನ್ನು 3.2 ಮಿ.ಮೀ. ದಪ್ಪಕ್ಕೆ ಅಂಟಿಸಿ, ಇದೇ ಲೆಕ್ಕದಂತೆ 30 ಉಂಗುರಗಳನ್ನು ಕತ್ತರಿಸಿ, ಒಂದರ ಮೇಲೊಂದಿಟ್ಟು ನೋಡಬಹುದು. ಅಂಟು ಹಚ್ಚುವ ಮೊದಲು ಯಾವ ಉಂಗುರ ಜಾರುತ್ತದೆಂಬುದನ್ನು ಗುರುತಿಸಿಕೊಳ್ಳಲಿ.