ಚಿನ್ನ ಬಿರುಸಾದರೆ ಸುತ್ತಿಗೆ ಕೆಳಗಿಡು

ಪಿಯುಸಿ ವಿಜ್ಞಾನ ಮುಗಿಸಿ ಅಪ್ಪನ ಜೊತೆ ಅಕ್ಕಸಾಲಿ ಕೆಲಸಕ್ಕೆ ಕೂರುತ್ತೇನೆ ಅಂದೆಯಂತೆ. ಸಂತೋಷ ಮರಿ. ಆದರೆ ಲೋಹಬಂಧದ ಪಾಠವನ್ನು ಪರೀಕ್ಷೆಯ ಜೊತೆಗೇ ಮರೆತುಬಿಡಬೇಡ. ಇನ್ನುಮೇಲೆ ಅದರ ಕೆಲಸ ಇರುವುದು ನಿನ್ನ ಕೈಯಲ್ಲೇ.

ಪ್ರತಿ ಲೋಹದ ಪರಮಾಣುವೂ ತನ್ನ ಹೊರಗಿನ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಕೂಡುಕುಟುಂಬದ ಕಣಜದ ಹಾಗೆ ಅದು ಎಲ್ಲರಿಗೂ ಸೇರಿದ್ದು. ಧನ ಅಯಾನುಗಳನ್ನು ಹಿಡಿದಿಟ್ಟಿರುವುದು ಆ ಎಲೆಕ್ಟ್ರಾನುಗಳೇ. ಕಲ್ಲುಪ್ಪಿಗೆ ಏಟು ಕೊಟ್ಟರೆ ಪದರ ಜರುಗಿ, ಧನದ ಎದುರಿಗೆ ಧನ ಬಂದು, ಹರಳು ಸಿಡಿದುಹೋಗುತ್ತದೆ. ಚಿನ್ನದ ಪದರ ಜರುಗಿದರೂ ಎಲೆಕ್ಟ್ರಾನುಗಳ ಹಿಡಿತ ತಪ್ಪುವುದಿಲ್ಲ. ಒಂದು ಗ್ರಾಂ ಅಪರಂಜಿಯನ್ನು ಬಡಿದು ಹೆಚ್ಚುಕಡಿಮೆ ಒಂದು ಚದರ ಮೀಟರಿನಷ್ಟು ಹರಡಬಹುದು.

ನಿಮ್ಮ ಪುಸ್ತಕ ಇಲ್ಲಿಗೆ ನಿಂತಿತು. ಹಾಗಾದರೆ ತಗಡು ಕುಟ್ಟುತ್ತಾ ಕುಟ್ಟುತ್ತಾ ಬಿರುಸಾಗಿ, ಕೊನೆಗೆ ಅಂಚಿನಲ್ಲಿ ಸೀಳುವುದೇಕೆ? ಪದರವೆಲ್ಲ ಒಮ್ಮೆಗೇ ಜರುಗುವುದಿಲ್ಲ ಮಾರಾಯ. ಹರಳಿನ ಜೋಡಣೆಯಲ್ಲಿ ಅಲ್ಲಲ್ಲಿ ತಪ್ಪಿದ ಸಾಲುಗಳಿರುತ್ತವೆ. ಆ ತಪ್ಪು ಸರಿದಂತೆ ಲೋಹ ಬಾಗುತ್ತದೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ಬೇರೆಬೇರೆಯಾಗಿ ಇದನ್ನು ಹೇಳಿದರು. ಕುಟ್ಟಿದಷ್ಟೂ ಇಂಥ ಸಾಲುಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕುಹಾಕಿಕೊಂಡು, ಸರಿಯಲು ಜಾಗವೇ ಇಲ್ಲದಂತಾಗುತ್ತದೆ. ಏಟು ಬಿದ್ದಾಗ ಸದ್ದು ಬದಲಾಗುವುದನ್ನು ಕೇಳಿಸಿಕೋ. ಆಗ ಜೋರಾಗಿ ಕುಟ್ಟುವುದು ಹಟಮಾರಿತನ. ಸುತ್ತಿಗೆ ಇಟ್ಟು ತಗಡನ್ನು ಮಂದ ಕೆಂಪಾಗುವವರೆಗೆ ಕಾಯಿಸು. ಬಿಸಿಗೆ ಪರಮಾಣುಗಳು ಮತ್ತೆ ಸಾಲುಗೂಡಿ ಹೊಸ ಹರಳು ಕಟ್ಟುತ್ತವೆ, ಮೆದುತನ ಮರಳುತ್ತದೆ. ಈ ಕೆಲಸಕ್ಕೆ ನೆರಳಿನ ಜಾಗ ನೋಡಿಕೋ. ಬಿಸಿಲಲ್ಲಿ ಮಂದ ಕೆಂಪು ಕಾಣಿಸದೆ ಅಂಚು ಕರಗಿಹೋದೀತು. ತಂತಿ ಎಳೆಯುವಾಗಲೂ ಇದೇ ನಡೆ. ಅಚ್ಚಿನಲ್ಲಿ ಬಿಗಿಯಾಯಿತೋ, ಎಳೆದಾಡಬೇಡ, ಕಾಯಿಸು.

22 ಕ್ಯಾರೆಟ್ಟಿನಲ್ಲಿ ಚಿನ್ನ ನೂರಕ್ಕೆ 91.6 ಭಾಗ. ಮಿಕ್ಕದ್ದು ತಾಮ್ರವೋ ಬೆಳ್ಳಿಯೋ ಎಂಬುದನ್ನು ಕೇಳಿ ತಿಳಿದುಕೋ. ಬೆಳ್ಳಿಯ ಪರಮಾಣು ಗಾತ್ರದಲ್ಲಿ ಚಿನ್ನಕ್ಕೆ ಸರಿಸಮ, ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ. ತಾಮ್ರದ್ದು ಚಿಕ್ಕದು, ಸಾಲು ಸೊಟ್ಟಗಾಗಿ ಜರುಗುವುದಕ್ಕೆ ತಡೆ ಬೀಳುತ್ತದೆ. ಅದಕ್ಕೇ ತಾಮ್ರ ಹೆಚ್ಚಿದ್ದರೆ ಒಡವೆ ಗಟ್ಟಿ, ಬಣ್ಣವೂ ಕೆಂಪಗೆ. ಅಂಥದ್ದನ್ನು ಕುಟ್ಟುವಾಗ ನಡುನಡುವೆ ಕಾಯಿಸುವುದೂ ಹೆಚ್ಚು.

ಇನ್ನೊಂದು ಮಾತನ್ನು ಮಾತ್ರ ಸಲಿಗೆಯಿಂದಲ್ಲ, ಅಧಿಕಾರದಿಂದಲೇ ಹೇಳುತ್ತೇನೆ. ಎಲ್ಲ ಲೋಹದ ಬಂಧವೂ ಒಂದೇ ಬಲದ್ದಲ್ಲ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಯಾಡ್ಮಿಯಂ 767ಕ್ಕೇ ಕುದಿದು ಆವಿಯಾಗುತ್ತದೆ, ಅದರ ಪರಮಾಣುಗಳ ಹಿಡಿತ ಅಷ್ಟು ಸಡಿಲ. ಕ್ಯಾಡ್ಮಿಯಂ ಬೆರೆತ ಬೆಸುಗೆ ಸಲೀಸಾಗಿ ಹರಿಯುತ್ತದೆ ಎಂದು ಅದನ್ನು ಬಳಸುವುದುಂಟು, 'ಕೆಡಿಎಂ' ಹೆಸರು ಬಂದದ್ದೂ ಅದರಿಂದಲೇ. ಆ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅಪ್ಪ ಬೇಡವೆಂದರೂ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ತರಿಸು, ಊದುವಾಗ ಕಿಟಕಿ ತೆರೆದಿಡು.