ಇಂದಿನ ಧಮ್ಮ ಚಿಂತನ: ಕಾಯಿಲೆಯನ್ನು ಇದ್ದ ಹಾಗೆ ಹೇಳುವುದು

 

ಹೋದ ಭಾನುವಾರದ ಓದಿನಲ್ಲಿ ಕಾಯಿಲೆ ಬಿದ್ದ ಭಿಕ್ಖುವಿನ ಪ್ರಸಂಗ ಬಂತು. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖು. ಜೊತೆಯವರು ಯಾರೂ ಹತ್ತಿರ ಸುಳಿದಿರಲಿಲ್ಲ. ಭಗವಾನರು ನೀರು ಹಾಕಿದರು, ಆನಂದ ತೊಳೆದರು, ಇಬ್ಬರೂ ಸೇರಿ ಎತ್ತಿ ಹಾಸಿಗೆ ಮೇಲೆ ಮಲಗಿಸಿದರು. ಇದನ್ನು ಓದಿದಾಗಲೆಲ್ಲ ನಾವು ಸೇವೆ ಮಾಡುವವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಮುಗಿಸುತ್ತೇವೆ. ಈ ಸಲ ಪಿಯುಸಿ ಓದುವ ಒಬ್ಬ ಮಗು, “ತಾತ, ಎಲ್ಲಾ ನೋಡ್ಕೊಳ್ಳೋರಿಗೇ ಹೇಳಿದ್ದಾರೆ. ಕಾಯಿಲೆ ಬಿದ್ದೋರಿಗೆ ಏನೂ ಕೆಲಸ ಇಲ್ವಾ?” ಅಂತ ಕೇಳಿತು. ಆವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಮನೆಗೆ ಬಂದು ಹುಡುಕಿ ಓದಿ ಇವತ್ತು ಬರೆಯುತ್ತಿದ್ದೇನೆ.

ಕೆಲಸ ಇದೆ. ವಿನಯ ಪಿಟಕದ ಮಹಾವಗ್ಗದಲ್ಲಿ ಇದೇ ಪ್ರಸಂಗದ ಬೆನ್ನಿಗೇ ರೋಗಿಯ ಐದು ಗುಣಗಳನ್ನು ಹೇಳಿದೆ. ನನ್ನ ಮಾತಿನಲ್ಲಿ ಹೇಳುವುದಾದರೆ: ತನಗೆ ಹಿತವಾದದ್ದನ್ನು ಮಾಡುವುದು, ಹಿತವಾದದ್ದರಲ್ಲೂ ಅಳತೆ ತಿಳಿದಿರುವುದು, ಔಷಧ ತಪ್ಪಿಸದಿರುವುದು, ಕಾಯಿಲೆ ಹೆಚ್ಚಿದ್ದರೆ ಹೆಚ್ಚಿದೆ, ಇಳಿದಿದ್ದರೆ ಇಳಿದಿದೆ, ಹಾಗೇ ಇದ್ದರೆ ಹಾಗೇ ಇದೆ ಅಂತ ತನ್ನ ಒಳಿತು ಬಯಸಿ ನೋಡಿಕೊಳ್ಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಕೊನೆಗೆ, ಮೈನೋವನ್ನು ತಾಳಿಕೊಳ್ಳುವುದು.

ಆ ಕ್ರಮ ಗಮನಿಸಿ. ಹೇಳುವುದು ನಾಲ್ಕನೆಯದು, ತಾಳಿಕೊಳ್ಳುವುದು ಐದನೆಯದು. ಮೊದಲು ಹೇಳು, ಆಮೇಲೂ ಉಳಿದ ನೋವನ್ನು ತಾಳಿಕೋ. ನಾವು ಮಾಡುವುದು ಉಲ್ಟಾ. ನಾಲ್ಕನ್ನೂ ಬಿಟ್ಟು ನೇರ ಐದನೆಯದಕ್ಕೆ ಹೋಗುತ್ತೇವೆ, ಅದನ್ನೇ ಗಟ್ಟಿತನ ಅಂದುಕೊಳ್ಳುತ್ತೇವೆ.

ಈ ಅಭ್ಯಾಸ ನಮಗೆ ಎಲ್ಲಿಂದ ಬಂತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ನಾನು 19 ವರ್ಷ ದುಡಿದೆ. ಸೊಂಟ ಹಿಡಿದಿದೆ ಅಂದವನಿಗೆ ನಾಳೆ ಗೇಟಿನಲ್ಲಿ ಹೆಸರಿಲ್ಲ. ಅದಕ್ಕೂ ಮುಂಚೆ ನಮ್ಮಪ್ಪ ಗೌಡರ ಹೊಲದಲ್ಲಿ ಜ್ವರ ಇಟ್ಟುಕೊಂಡೇ ನಾಟಿ ಮಾಡಿದವರು. ನಮ್ಮ ಮೈಗೆ ಬೆಲೆ ಇದ್ದದ್ದು ಅದು ದುಡಿಯುವಷ್ಟು ದಿನ ಮಾತ್ರ. ಹಾಗಾಗಿ ನೋವು ಮುಚ್ಚಿಡುವುದು ನಮಗೆ ಅನ್ನದ ಪ್ರಶ್ನೆಯಾಗಿತ್ತು. ಕೆಲಸ ಬಿಟ್ಟ ಮೇಲೂ, ಮಕ್ಕಳು ಅನ್ನ ಹಾಕುವಾಗಲೂ, ಆ ಭಯ ಹೋಗಲಿಲ್ಲ. ಈಗ ಸೂಪರ್‌ವೈಸರ್ ಜಾಗದಲ್ಲಿ ಮಗ ಸೊಸೆ ಇದ್ದಾರೆ, ಅಷ್ಟೇ.

ನನ್ನ ಪಕ್ಕದ ಮೆಷಿನ್‌ನಲ್ಲಿದ್ದ ಅಣ್ಣನೊಬ್ಬರ ವಿಷಯ ಹೇಳುತ್ತೇನೆ. ಅವರೇ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡ ಅಂದರು. ನನಗಿಂತ ಮೂರು ವರ್ಷಕ್ಕೆ ದೊಡ್ಡವರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಅಂಗಾಲಿಗೆ ಏನೋ ಚುಚ್ಚಿ ಗಾಯವಾಗಿದೆ. ನೋವೇ ಇಲ್ಲ, ಹಾಗಾಗಿ ಚಿಂತೆಯೂ ಇಲ್ಲ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿ ಒಂದು ತಿಂಗಳು ಓಡಾಡಿದರು. ಕೊನೆಗೆ ವಾಸನೆ ಬಂದು ಅತ್ತಿಗೆ ಬಟ್ಟೆ ಬಿಚ್ಚಿ ನೋಡಿದಾಗ ಎರಡು ಬೆರಳು ಕಪ್ಪಾಗಿದ್ದವು. ಆ ಎರಡು ಬೆರಳು ಈಗ ಇಲ್ಲ.

ಸಕ್ಕರೆ ಬಹಳ ದಿನ ಹೆಚ್ಚಿದ್ದರೆ ಕಾಲಿನ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ರಕ್ತ ಓಡಾಟವೂ ಕಡಿಮೆಯಾಗುತ್ತದೆ. ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ. ಸಕ್ಕರೆ ಇರುವವರ ಕಾಲಿನಲ್ಲಿ ನೋವಿಲ್ಲ ಅಂದರೆ ಗಾಯವಿಲ್ಲ ಅಂತ ಅರ್ಥವಲ್ಲ. ದಿನಾ ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ, ಕಣ್ಣು ಮಂಜಾದವರು ಮೊಮ್ಮಕ್ಕಳಿಗೆ ತೋರಿಸಲಿ. ಮನೆಯೊಳಗೂ ಚಪ್ಪಲಿ ಇರಲಿ. ಬಿಸಿನೀರಿನಲ್ಲಿ ಕಾಲಿಡುವ ಮೊದಲು ಬೇರೆಯವರು ಬಿಸಿ ನೋಡಲಿ, ಯಾಕೆಂದರೆ ನಿಮ್ಮ ಕಾಲಿಗೆ ಸುಟ್ಟದ್ದೂ ತಿಳಿಯದೆ ಇರಬಹುದು.

ಆದರೆ ಅಣ್ಣ ಒಂದು ತಿಂಗಳು ಮುಚ್ಚಿಟ್ಟದ್ದು ನೋವಿಲ್ಲದ ಕಾರಣಕ್ಕೆ ಮಾತ್ರ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರೇ ಬಾಯಿಬಿಟ್ಟರು. “ನಾವು ದೀಕ್ಷೆ ತಗೊಂಡು ಮನೆಯಿಂದ ದೇವರ ಫೋಟೋ ಎಲ್ಲಾ ತೆಗೆದಿದ್ದೀವಿ ಕಣಪ್ಪ. ಕಾಲು ಹೋಯ್ತು ಅಂತ ಗೊತ್ತಾದ್ರೆ ನೆಂಟರು ಏನಂತಾರೆ? ನೋಡಿದ್ರಾ, ದೇವರನ್ನ ಬಿಟ್ಟ, ದೇವರು ಕಾಲು ಕಿತ್ಕೊಂಡ ಅಂತಾರೆ.”

ಈ ಮಾತು ಕೇಳಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಧಮ್ಮದ ಮರ್ಯಾದೆ ಉಳಿಸಲು ಅಣ್ಣ ಎರಡು ಬೆರಳು ಕೊಟ್ಟಿದ್ದಾರೆ. ನಮ್ಮ ಅಧ್ಯಯನ ವೃತ್ತದಲ್ಲಿ ಎಷ್ಟು ಸುತ್ತ ಓದಿದ್ದೇವೆ, ಆದರೂ ಅವರಿಗೆ ಇದನ್ನು ಯಾರ ಹತ್ತಿರವೂ ಹೇಳಬೇಕು ಅನ್ನಿಸಲಿಲ್ಲ. ಅದು ನಮ್ಮದೂ ತಪ್ಪೇ.

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಭಗವಾನರನ್ನು ಕೇಳುವ ಪ್ರಶ್ನೆ ಇದೇ: ಮನುಷ್ಯ ಅನುಭವಿಸುವ ಸುಖದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದ ಫಲವೇ? ಭಗವಾನರು ಹೌದು ಅನ್ನಲಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಹವಾಮಾನದ ಬದಲಾವಣೆಯಿಂದ, ಮೈಮೇಲೆ ಎಚ್ಚರ ಇಲ್ಲದೆ ನಡೆದುಕೊಳ್ಳುವುದರಿಂದ, ಪೆಟ್ಟಿನಿಂದ, ಹೀಗೆ ಬೇರೆ ಬೇರೆ ಕಾರಣಗಳನ್ನು ಹೇಳಿ, ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ಕಣ್ಣಿಗೆ ಕಾಣುವುದನ್ನೇ ಮೀರಿ ಮಾತಾಡುತ್ತಾರೆ ಅಂದರು. ಬಾಬಾಸಾಹೇಬರೂ ಹಿಂದಿನ ಜನ್ಮದ ಪಾಪ ಅನ್ನುವ ಲೆಕ್ಕವನ್ನು ಕಡ್ಡಿ ಮುರಿದಂತೆ ತಳ್ಳಿಹಾಕಿದವರು. ಅವರಿಗೇ ಸಕ್ಕರೆ ಕಾಯಿಲೆ ಇತ್ತು, ಕಾಲುನೋವಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ದೀಕ್ಷೆ ಕೊಡುವಾಗ ಕೈಯಲ್ಲಿ ಊರುಗೋಲಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ನೆಂಟರು ಆಡಿಕೊಂಡರೆ ಇದನ್ನು ಹೇಳಿ. ಫೋಟೋ ಇಟ್ಟುಕೊಂಡವರ ಮನೆಯಲ್ಲೂ ಸಕ್ಕರೆ ಇದೆ ಅಂತಲೂ ಬೇಕಾದರೆ ಹೇಳಿ, ನಾನಂತೂ ಹೇಳಿದ್ದೇನೆ.

ಉಳಿದ ಗುಣಗಳ ಬಗ್ಗೆ ಸ್ವಲ್ಪ.

ಅಳತೆ. ಕೋಸಲದ ರಾಜ ಪಸೇನದಿ ಮೂಗಿನ ತನಕ ಉಂಡು ಏದುಸಿರು ಬಿಡುತ್ತಾ ಭಗವಾನರ ಬಳಿ ಬಂದು ಕೂರುತ್ತಿದ್ದನಂತೆ. ಮಿತವಾಗಿ ಉಣ್ಣುವವನ ನೋವು ಕಡಿಮೆ, ಮುಪ್ಪು ನಿಧಾನ ಅನ್ನುವ ಅರ್ಥದ ಒಂದು ಗಾಥೆಯನ್ನು ಅವರು ಹೇಳಿದರು. ರಾಜ ಒಬ್ಬ ಹುಡುಗನಿಗೆ ದಿನಕ್ಕೆ ನೂರು ನಾಣ್ಯ ಗೊತ್ತುಮಾಡಿ, ಊಟಕ್ಕೆ ಕೂತಾಗಲೆಲ್ಲ ಅದನ್ನು ಹೇಳಿಸಿಕೊಂಡು, ಅಳತೆ ಇಳಿಸಿ ಮೈ ಹಗುರ ಮಾಡಿಕೊಂಡ. ನಮ್ಮ ಕಡೆ ಒಂದು ನಂಬಿಕೆ ಇದೆ: ರಾಗಿ ಸಕ್ಕರೆಗೆ ಒಳ್ಳೆಯದು, ಆದ್ದರಿಂದ ಮುದ್ದೆ ಎಷ್ಟು ಬೇಕಾದರೂ ಇಳಿಸಬಹುದು. ಹಾಗಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ, ನಾರು ಎರಡೂ ಇವೆ ನಿಜ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಸಕ್ಕರೆ ಏರಿಸುತ್ತದೆ. ಮುದ್ದೆ ಚಿಕ್ಕದು ಮಾಡಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ನೂರು ನಾಣ್ಯ ಇಸ್ಕೊಳ್ಳದೆ ಮನೆಯವರೇ ಆ ಗಾಥೆಯ ಕೆಲಸ ಮಾಡುತ್ತಾರೆ.

ಔಷಧ. ಬಿಪಿ ಮಾತ್ರೆ ತಗೊಂಡು ಮೈ ಹಗುರಾದ ಕೂಡಲೇ ನಿಲ್ಲಿಸುವುದು ನಾನೂ ಮಾಡಿದ ತಪ್ಪು. ಬಿಪಿ ಏರಿದ್ದು ಮೈಗೆ ಗೊತ್ತಾಗಬೇಕು ಅಂತೇನಿಲ್ಲ. ಇನ್ನೊಂದು, ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ತಂದು ವರ್ಷಗಟ್ಟಲೆ ನುಂಗುವುದು. ಬಿಪಿ, ಸಕ್ಕರೆ ಇರುವವರಿಗೆ ಅದರಿಂದ ಕಿಡ್ನಿಗೆ ಹೊಡೆತ ಬೀಳುತ್ತದೆ. ಡಾಕ್ಟರಿಗೆ ಹೇಳದೆ ತಗೊಳ್ಳುವ ಮಾತ್ರೆಯೂ ಮುಚ್ಚಿಟ್ಟ ಕಾಯಿಲೆಯೇ.

ನಡಿಗೆ. ಭಗವಾನರು ಚಂಕ್ರಮಣದಿಂದ ಐದು ಲಾಭ ಹೇಳಿದ್ದಾರೆ, ಅದರಲ್ಲಿ ಉಂಡದ್ದು ಅರಗುವುದೂ ಒಂದು, ರೋಗ ಕಡಿಮೆಯಾಗುವುದೂ ಒಂದು. ಇಂಡಸ್ಟ್ರಿಯಲ್ ಏರಿಯಾದ ರಸ್ತೆಯಲ್ಲಿ ವಾರದ ದಿನ ಲಾರಿ, ಧೂಳು. ಭಾನುವಾರ ಬೆಳಿಗ್ಗೆ ಬಹಳಷ್ಟು ಗೇಟು ಮುಚ್ಚಿರುತ್ತವೆ, ಅಗಲವಾದ ರಸ್ತೆ ಖಾಲಿ. ಐದಾರು ಜನ ಸೇರಿ ಹೋಗುತ್ತೇವೆ, ನಾಯಿಗಳಿಗಾಗಿ ಕೈಯಲ್ಲೊಂದು ಕೋಲು.

ಈಗ ದುಡ್ಡಿನ ಮಾತು, ಇದು ಮುಖ್ಯ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗಲೇ ಪ್ರೊಫೆಸರ್ ಅಡಾರ್ಕರ್ ಅವರು ಕಾರ್ಮಿಕರ ಆರೋಗ್ಯ ವಿಮೆಯ ವರದಿ ಸಿದ್ಧಮಾಡಿದ್ದು, 1944ರಲ್ಲಿ. ಅದೇ 1948ರಲ್ಲಿ ಇಎಸ್‌ಐ ಕಾಯ್ದೆಯಾಗಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಯಿತು. ಸಂಬಳ ಚೀಟಿಯಲ್ಲಿ ಇಎಸ್‌ಐ ಅಂತ ಕಟ್ ಆಗುತ್ತಿದ್ದದ್ದು ಇದಕ್ಕೇ. ನಮ್ಮಲ್ಲಿ ಬಹಳ ಜನ ರಿಟೈರ್ ಆದ ದಿನ ಕಾರ್ಡು ಮುಗಿಯಿತು ಅಂದುಕೊಂಡು ಪೆಟ್ಟಿಗೆಗೆ ಹಾಕುತ್ತಾರೆ. ಕನಿಷ್ಠ 5 ವರ್ಷ ಇಎಸ್‌ಐ ಅಡಿಯಲ್ಲಿ ದುಡಿದು ವಯಸ್ಸಾಗಿ ನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯುವ ನಿಯಮವಿದೆ. ತಿಂಗಳಿಗಲ್ಲ, ವರ್ಷಕ್ಕೆ. ನಾನು ಕಟ್ಟುತ್ತಿದ್ದೇನೆ. ಅಣ್ಣ ಕಟ್ಟಿರಲಿಲ್ಲ, ಕಾರಣ ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮೆಷಿನ್‌ನವನಾದ ನಾನೂ ಹೇಳಿರಲಿಲ್ಲ. ಕಂಟ್ರಾಕ್ಟರ್ ಬದಲಾದ ಹಾಗೆಲ್ಲ ಕೆಲಸ ಮಾಡಿದವರಿಗೆ ದಾಖಲೆ ಜೋಡಿಸುವುದು ಕಷ್ಟ. ಇಎಸ್‌ಐ ನಂಬರು, ಹಳೆಯ ಸಂಬಳ ಚೀಟಿ, ಕೆಲಸ ಬಿಟ್ಟ ಪತ್ರ ಏನಿದೆಯೋ ಅದನ್ನೆಲ್ಲ ತನ್ನಿ. ಅಣ್ಣನ ಜೊತೆ ಮೂರು ಸಲ ಹೋಗಬೇಕಾಯಿತು, ಮೂರನೇ ಸಲ ಆಯಿತು. ಇನ್ನೂ ದುಡಿಯುತ್ತಿರುವ ತಮ್ಮಂದಿರು, ತಂಗಿಯರು ಚೀಟಿ ಹರಿದು ಬಿಸಾಡಬೇಡಿ.

ಈ ಭಾನುವಾರದಿಂದ ಓದು ಶುರುವಾಗುವ ಮೊದಲು ಹತ್ತು ನಿಮಿಷ, ಅರವತ್ತು ದಾಟಿದವರು ಒಬ್ಬೊಬ್ಬರಾಗಿ ತಮ್ಮ ಮೈಯ ಸುದ್ದಿ ಹೇಳುವುದು ಅಂತ ಮಾತಾಗಿದೆ. ಹೆಚ್ಚಿದೆ, ಇಳಿದಿದೆ, ಹಾಗೇ ಇದೆ, ಅಷ್ಟು ಸಾಕು. ಕೇಳಿದವರು ಹೊರಗೆ ಆಡುವ ಹಾಗಿಲ್ಲ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸುವ ಹಾಗೂ ಇಲ್ಲ. ಅಣ್ಣ ಮೊದಲು ಹೇಳುತ್ತೇನೆ ಅಂದಿದ್ದಾರೆ.

ನನ್ನದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರೆಸ್ ಶಾಪಿನ ಸದ್ದಿಗೆ ನನ್ನ ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು. ನಿಮ್ಮ ಚರ್ಚೆಯಲ್ಲಿ ಅರ್ಧಕ್ಕೆ ನಾನು ಕೇಳಿಸದೆಯೇ ತಲೆ ಆಡಿಸುತ್ತಿದ್ದೆ. ಆ ಮಗುವಿನ ಪ್ರಶ್ನೆಯನ್ನೂ ಎರಡು ಸಲ ಕೇಳಿಸಿಕೊಂಡೆ, ಉತ್ತರ ಕೊಡದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಬುಧವಾರ ಕಿವಿ ಪರೀಕ್ಷೆಗೆ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ನನ್ನ ಬಲಗಡೆ ಕೂತು, ಸ್ವಲ್ಪ ಗಟ್ಟಿಯಾಗಿ ಓದಿ.

ಜೈಭೀಮ್. ನಮೋ ಬುದ್ಧಾಯ.